ತಮ್ಮನ ಪಾಲಿಗೆ ಇಪ್ಪತ್ತಾರು ರಾತ್ರಿ ಹೆಚ್ಚು

ದಸರಾ ರಜೆಗೆ ಮಾದಿಹಳ್ಳಿಗೆ ಬಂದಿದ್ದ ಮೊಮ್ಮಗಳು ಜಗಲಿಯ ಮೇಲೆ ಲೆಕ್ಕದ ಪುಸ್ತಕ ಹರಡಿಕೊಂಡು ಕೂತಿದ್ದಳು. ಆರನೇ ತರಗತಿ. 12 ಮತ್ತು 30ರ ಲ.ಸಾ.ಅ. ಕಂಡುಹಿಡಿಯಬೇಕಿತ್ತು.

"ತಾತ, ಎರಡನ್ನೂ ಗುಣಿಸಿದರೆ 360. ಅದು ಎರಡರ ಮಗ್ಗಿಯಲ್ಲೂ ಬರುತ್ತೆ. ಆಮೇಲೂ ಅದಕ್ಕಿಂತ ಚಿಕ್ಕದನ್ನ ಯಾಕೆ ಹುಡುಕಬೇಕು?"

ಪ್ರಶ್ನೆ ನ್ಯಾಯವಾದದ್ದೇ. ಲಘುತಮ ಸಾಮಾನ್ಯ ಅಪವರ್ತ್ಯ ಎಂಬ ಉದ್ದನೆಯ ಹೆಸರನ್ನು ನಾನೂ ಬಾಯಿಪಾಠ ಮಾಡಿದ್ದೆ. ಯಾಕೆ ಎಂದು ಮಾತ್ರ ಯಾವ ಮೇಷ್ಟ್ರನ್ನೂ ಕೇಳಿರಲಿಲ್ಲ.

ಗೋಡೆಯ ಪಂಚಾಂಗ ತೋರಿಸಿದೆ. ಸ್ಥೂಲ ಲೆಕ್ಕದಲ್ಲಿ ಗುರು ಗ್ರಹ ರಾಶಿಚಕ್ರವನ್ನು ಒಂದು ಸುತ್ತು ಹಾಕಲು 12 ವರ್ಷ ಬೇಕು, ಶನಿಗೆ 30 ವರ್ಷ. ಇಬ್ಬರೂ ಒಂದೇ ಕಡೆಯಿಂದ ಹೊರಟರು ಎನ್ನು. ಮತ್ತೆ ಇಬ್ಬರೂ ಹೊರಟ ಜಾಗಕ್ಕೇ ಒಟ್ಟಿಗೆ ಬರುವುದು ಯಾವಾಗ? ನಿನ್ನ 360 ವರ್ಷಕ್ಕೆ ಬಂದಿರುತ್ತಾರೆ, ಸುಳ್ಳಲ್ಲ. ಆದರೆ ಅಷ್ಟರಲ್ಲಿ ಐದು ಸಲ ಬಂದು ಹೋಗಿರುತ್ತಾರೆ, ಅದು ಆರನೆಯ ಸಲ. ಮೊದಲ ಸಲ ಬರುವುದು 60 ವರ್ಷಕ್ಕೆ. ನಮ್ಮ ಸಂವತ್ಸರಗಳೂ ಅರವತ್ತೇ. ನಾನು ಹುಟ್ಟಿದ್ದು 1951ರ ಯುಗಾದಿ ಕಳೆದ ಮೇಲೆ, ಖರ ಸಂವತ್ಸರದಲ್ಲಿ. 2011ರಲ್ಲಿ ಅದೇ ಖರ ಮರಳಿ ಬಂತು, ಮನೆಯಲ್ಲಿ ಅರವತ್ತರ ಶಾಂತಿ ಮಾಡಿಸಿದರು. ಮೊಮ್ಮಗಳದು 2014ರ ಜಯ ಸಂವತ್ಸರ. ಅದು ಮತ್ತೆ ಬರುವುದು 2074ಕ್ಕೆ. ಅವಳು ಬೆರಳು ಮಡಿಚಿ ಎಣಿಸಿ, "ಆಗ ನಾನೂ ಅಜ್ಜಿ" ಎಂದು ನಕ್ಕಳು.

ಅದು ಆಕಾಶದ ಮಾತಾಯಿತು. ಇದೇ ಲೆಕ್ಕ ಒಂದು ಕಾಲಕ್ಕೆ ನಮ್ಮ ಮನೆಯ ಅಣ್ಣತಮ್ಮಂದಿರು ಮಾತು ಬಿಡುವಂತೆ ಮಾಡಿತ್ತು. ಅದನ್ನು ಅವಳಿಗೆ ಹೇಳಿದೆ, ನಿಮಗೂ ಹೇಳುತ್ತೇನೆ.

1996ರ ಸುಮಾರು. ನಾನು ಅರಸೀಕೆರೆಯಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದೆ. ಊರಿನಲ್ಲಿ ಅಣ್ಣ, ತಮ್ಮ ಬೇಸಾಯ ಮಾಡುತ್ತಿದ್ದರು. ಜಮೀನು ಭಾಗವಾಗಿತ್ತು, ಬೋರ್‌ವೆಲ್ ಮಾತ್ರ ಒಂದೇ. ಒಂದು ದಿನ ಅಣ್ಣನಿಗೆ ನೀರು, ಮರುದಿನ ತಮ್ಮನಿಗೆ. ಮೋಟರು ಓಡಿಸುವ ಕರೆಂಟು ಆಗ ನಮ್ಮ ಕಡೆ ಒಂದು ವಾರ ಹಗಲು, ಒಂದು ವಾರ ರಾತ್ರಿ ಬರುತ್ತಿತ್ತು. ಸೋಮವಾರ ಪಾಳಿ ಬದಲಾಗುತ್ತಿತ್ತು.

ರಾತ್ರಿ ನೀರು ಕಟ್ಟುವುದೆಂದರೆ ಏನೆಂದು ಪೇಟೆಯ ಮಕ್ಕಳಿಗೆ ಗೊತ್ತಿರಲಾರದು. ನಡುರಾತ್ರಿ ಎದ್ದು, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಸನಿಕೆ ಹಿಡಿದು ಕೆಸರಿನಲ್ಲಿ ಮಡೆ ತಿರುಗಿಸುತ್ತಾ ನಿಲ್ಲಬೇಕು. ಒಂದು ರಾತ್ರಿ ಬದುವಿನ ಮೇಲೆ ಮಲಗಿದ್ದ ಕೊಳಕುಮಂಡಲವನ್ನು ತಮ್ಮ ತುಳಿಯುವುದು ಸ್ವಲ್ಪದರಲ್ಲಿ ತಪ್ಪಿತು. ಆ ಭಾನುವಾರ ನಾನು ಊರಿಗೆ ಹೋದಾಗ ಅವನ ಹೆಂಡತಿ ಬಾಗಿಲಲ್ಲೇ ನಿಂತು, "ಭಾವ, ಯಾವಾಗ ನೋಡಿದರೂ ನಮ್ಮವರಿಗೇ ರಾತ್ರಿ ಜಾಸ್ತಿ. ಇದು ನ್ಯಾಯಾನಾ?" ಎಂದು ಕೇಳಿದಳು.

ಅಣ್ಣನಿಗೆ ಸಿಟ್ಟು ಬಂತು. "ದಿನ ಬಿಟ್ಟು ದಿನ. ಇದರಲ್ಲಿ ಮೋಸ ಎಲ್ಲಿಂದ ಬರುತ್ತೆ?" ಎಂದ. ಬಿ.ಕಾಂ. ಓದಿ ದಿನವೂ ಲೆಡ್ಜರ್ ತಾಳೆ ನೋಡುತ್ತಿದ್ದ ನಾನೂ ಅಣ್ಣನದೇ ಸರಿ ಎಂದುಬಿಟ್ಟೆ. ಕಾಗದ ತೆಗೆದು ನೋಡುವಷ್ಟು ತಾಳ್ಮೆ ತೋರಲಿಲ್ಲ. ಮನೆಮನೆಯ ನಡುವೆ ಮಾತು ನಿಂತಿತು. ಆ ಸಲದ ಗೌರಿಹಬ್ಬಕ್ಕೆ ಎರಡು ಒಲೆ ಹತ್ತಿತು.

ತಿಂಗಳುಗಳು ಕಳೆದ ಮೇಲೆ, ಮನಸ್ಸು ಚುಚ್ಚಿ, ಕ್ಯಾಲೆಂಡರ್ ಕೆಳಗಿಳಿಸಿ ಗುರುತು ಹಾಕುತ್ತಾ ಹೋದೆ. ಹಗಲಿನ ವಾರ ಸೋಮವಾರ ಅಣ್ಣನಿಂದ ಶುರು. ಸೋಮ, ಬುಧ, ಶುಕ್ರ, ಭಾನು ಅಣ್ಣನಿಗೆ, ಅಂದರೆ ನಾಲ್ಕು ಹಗಲು. ಮಂಗಳ, ಗುರು, ಶನಿ ತಮ್ಮನಿಗೆ, ಮೂರು ಹಗಲು. ಭಾನುವಾರ ಅಣ್ಣನದಾದ್ದರಿಂದ ಮುಂದಿನ ಸೋಮವಾರ ತಮ್ಮನದು. ಆದರೆ ಅದು ರಾತ್ರಿಯ ವಾರ! ಅವನಿಗೆ ನಾಲ್ಕು ರಾತ್ರಿ, ಅಣ್ಣನಿಗೆ ಮೂರು. ಮೂರನೆಯ ವಾರ ಸರಿಹೋದೀತು ಎಂದು ಮುಂದಿನ ಹಾಳೆ ತಿರುವಿದೆ. ಹದಿನೈದನೆಯ ದಿನ ಮತ್ತೆ ಸೋಮವಾರ, ಮತ್ತೆ ಹಗಲು, ಮತ್ತೆ ಅಣ್ಣ. ಹಳೆಯದೇ ಪುನಃ ಶುರು. ಇಡೀ ವರ್ಷ ಗುರುತು ಹಾಕಿದರೂ ಅಷ್ಟೇ. ವರ್ಷಕ್ಕೆ 26 ಪಕ್ಷ ಹಿಡಿದರೆ ಅಣ್ಣನಿಗೆ 78 ರಾತ್ರಿ, ತಮ್ಮನಿಗೆ 104. ಇಪ್ಪತ್ತಾರು ರಾತ್ರಿ ಹೆಚ್ಚು.

ಮೋಸ ಯಾರೂ ಮಾಡಿರಲಿಲ್ಲ. ಸರದಿಯ ಸುತ್ತು 2 ದಿನ, ಕರೆಂಟಿನ ಸುತ್ತು 14 ದಿನ. ಗುಣಿಸಿದರೆ 28. ಆ 28 ದಿನವೂ ಬೇರೆಬೇರೆಯಾಗಿ ನಡೆದಿದ್ದರೆ ಇಬ್ಬರಿಗೂ ಎಲ್ಲ ಬಗೆಯ ದಿನವೂ ಸಿಗುತ್ತಿತ್ತು. ಆದರೆ 2 ಮತ್ತು 14ರ ಲ.ಸಾ.ಅ. 14. ಎರಡು ಚಕ್ರಗಳೂ ಬೇಗ ಒಟ್ಟು ಸೇರಿ, ಮೊದಲಿನಿಂದ ಅದನ್ನೇ ಸುತ್ತುತ್ತವೆ. ರಾತ್ರಿ ವಾರದ ಸೋಮವಾರ ಅಣ್ಣನಿಗೆ ಜನ್ಮದಲ್ಲಿ ಬರುವುದಿಲ್ಲ.

"ಹಾಗಾದರೆ ಗುಣಿಸಿದರೆ ಯಾವಾಗ ಸರಿ, ಯಾವಾಗ ತಪ್ಪು?" ಮೊಮ್ಮಗಳು ಕೇಳಿದಳು.

ಎರಡು ಸಂಖ್ಯೆಗಳನ್ನೂ ನಿಶ್ಶೇಷವಾಗಿ ಭಾಗಿಸುವ, ಒಂದಕ್ಕಿಂತ ದೊಡ್ಡ ಸಂಖ್ಯೆ ಇದೆಯೇ ನೋಡಬೇಕು. 12, 30 ಬರೆದುಕೊ. ಎರಡರಿಂದ ಭಾಗಿಸಿದರೆ 6, 15. ಮೂರರಿಂದ ಭಾಗಿಸಿದರೆ 2, 5. ಇನ್ನು ಇಬ್ಬರಿಗೂ ಸಲ್ಲುವ ಭಾಜಕ ಇಲ್ಲ. ಭಾಗಿಸಿದ 2, 3 ಮತ್ತು ಉಳಿದ 2, 5, ಎಲ್ಲ ಗುಣಿಸಿದರೆ 60. ಇಬ್ಬರಿಗೂ ಸೇರಿದ್ದನ್ನು ಒಂದೇ ಸಲ ಲೆಕ್ಕಕ್ಕೆ ಹಿಡಿಯುವುದು, ಅಷ್ಟೇ ಗುಟ್ಟು. ಹಾಗೆ ಸೇರಿದ್ದು ಏನೂ ಇಲ್ಲದಿದ್ದರೆ ನೇರ ಗುಣಿಸಬಹುದು.

ಈ ದಾರಿ ಹೊಸದೇನಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಇದನ್ನು ಹೇಳಿದ್ದಾನೆ. ಗ್ರಂಥ ಸಂಸ್ಕೃತದಲ್ಲಿದೆ. ಭಿನ್ನರಾಶಿಗಳನ್ನು ಕೂಡುವಾಗ ಛೇದಗಳ ಸಾಮಾನ್ಯ ಅಪವರ್ತನಗಳನ್ನೂ ಕೊನೆಗೆ ಉಳಿಯುವ ಭಾಗಲಬ್ಧಗಳನ್ನೂ ಗುಣಿಸು ಎಂದು ಸೂತ್ರ ಕೊಟ್ಟು, ಬರುವ ಸಂಖ್ಯೆಗೆ 'ನಿರುದ್ಧ' ಎಂದು ಹೆಸರಿಟ್ಟ. ಮೂರೇ ಅಕ್ಷರ. ನಮ್ಮ ಪಠ್ಯದವರು ಇದನ್ನೇ ಉಳಿಸಿಕೊಂಡಿದ್ದರೆ ಮಕ್ಕಳ ನಾಲಗೆಗೆ ಸುಖವಿತ್ತು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಇದನ್ನು ಅಚ್ಚು ಹಾಕಿಸಿದ ಮೇಲೆ ಹೊರಗಿನ ಪ್ರಪಂಚಕ್ಕೂ ಗೊತ್ತಾಯಿತು. ಇನ್ನು ಗಣಿತವನ್ನು ಕನ್ನಡದಲ್ಲೇ ಬರೆದವನು ರಾಜಾದಿತ್ಯ. ಹನ್ನೆರಡನೆಯ ಶತಮಾನದವನು, 'ವ್ಯವಹಾರಗಣಿತ' ಅವನದು. ಅದು ಹೊಯ್ಸಳರ ಕಾಲ. ನಮ್ಮ ನೆರೆಯ ಹಳೇಬೀಡು ಆಗ ದೋರಸಮುದ್ರ, ಅವರ ರಾಜಧಾನಿ.

ಬೋರ್‌ವೆಲ್ ಕಥೆ ಮುಗಿದಿಲ್ಲ. ಕ್ಯಾಲೆಂಡರ್ ಹಿಡಿದುಕೊಂಡು ಅಣ್ಣನ ಹತ್ತಿರ ಹೋದೆ. ಬಹಳ ಹೊತ್ತು ಸುಮ್ಮನೆ ನೋಡಿದ. ಆಮೇಲೆ, "ನನಗೆ ತಿಳೀಲಿಲ್ಲ ಕಣೋ" ಎಂದ. ಹದಿನಾಲ್ಕು ದಿನ ಮುಗಿದ ಮೇಲೆ ತಮ್ಮನೇ ಮತ್ತೆ ಮೊದಲಾಗುವುದು, ಅಂದರೆ ಭಾನುವಾರವೂ ಸೋಮವಾರವೂ ಅವನಿಗೇ ನೀರು ಎಂದು ಗೊತ್ತು ಮಾಡಿದೆವು. ಆಗ 28 ದಿನದ ಸುತ್ತು, ಇಬ್ಬರಿಗೂ ಏಳು ಹಗಲು, ಏಳು ರಾತ್ರಿ. ಕೆಲವು ವರ್ಷದ ನಂತರ ಅಕ್ಕನ ಮಗ ಅವಳ ಭಾಗದ ಜಮೀನು ಮಾಡಲು ಬಂದ. ಸರದಿಗೆ ಮೂವರಾದರು. 3 ಮತ್ತು 14ಕ್ಕೆ ಸಾಮಾನ್ಯವಾದದ್ದು ಏನೂ ಇಲ್ಲ, ಲ.ಸಾ.ಅ. 42. ಯಾವ ಒಪ್ಪಂದವೂ ಇಲ್ಲದೆ ತಲಾ ಏಳು ಹಗಲು, ಏಳು ರಾತ್ರಿ ತಾನಾಗಿ ಬಂತು.

"ನಾಲ್ಕು ಜನ ಆದರೆ?" ಎಂದಳು.

ಪೆನ್ಸಿಲ್ ಕೊಟ್ಟೆ. ಊಟದ ಹೊತ್ತಿಗೆ 28 ಮನೆಗಳ ಪಟ್ಟಿ ಮಾಡಿ ತಂದಳು. ಒಬ್ಬೊಬ್ಬರಿಗೆ ಏಳು ಸರದಿ. ಹಗಲು ಮಾತ್ರ ನಾಲ್ಕು, ಮೂರು, ನಾಲ್ಕು, ಮೂರು. "ಇಬ್ಬರಿಗೆ ಅನ್ಯಾಯ ತಾತ" ಎಂದು, ಅದೇ ಉಸಿರಿನಲ್ಲಿ ಫೋನ್ ತೆಗೆದುಕೊಂಡು ನನ್ನ ತಮ್ಮನಿಗೆ ಇಪ್ಪತ್ತಾರು ರಾತ್ರಿಯ ಲೆಕ್ಕ ಒಪ್ಪಿಸಿದಳು.

ಅವನು ನಕ್ಕಿದ್ದು ನನಗೂ ಕೇಳಿಸಿತು. "ಗೊತ್ತು ಮಗಾ. ನಿಮ್ಮ ತಾತ ಕ್ಯಾಲೆಂಡರ್ ಇಳಿಸೋಕೆ ಮೊದಲೇ ನಿಮ್ಮ ಚಿಕ್ಕಜ್ಜಿ ಹೇಳಿದ್ದಳು."