ಅಟ್ಟದ ಮೇಲಿನ ಕ್ಯಾಬಿನೆಟ್ಟಿಗೆ ಮರುಜನ್ಮ



ಮುಂಬಯಿಯೋ ಪುಣೆಯೋ, ಚೆನ್ನೈಯೋ ದೆಹಲಿಯೋ, ನೀವಿರುವ ಊರು ಯಾವುದೇ ಇರಲಿ, ಮನೆಯಲ್ಲಿ ಒಂದು ವಸ್ತು ಇದ್ದೇ ಇರುತ್ತದೆ. ಮಂಚದ ಕೆಳಗೋ, ಅಟ್ಟದ ಮೇಲೋ, ಬಾಲ್ಕನಿಯ ಮೂಲೆಯಲ್ಲೋ ಹಳೇ ಸೀರೆ ಹೊದ್ದು ಕುಳಿತ ಕಂಪ್ಯೂಟರ್ ಕ್ಯಾಬಿನೆಟ್. ಮನೆಮಂದಿ ಅದನ್ನು 'ಸಿಪಿಯು' ಎನ್ನುತ್ತಾರೆ. ಗುಜರಿಯವನು ಕಬ್ಬಿಣದ ತೂಕಕ್ಕೆ ಕೇಳುತ್ತಾನೆ. ಕೊಡಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ.

ನಮ್ಮಲ್ಲೂ ಅಂಥದ್ದೊಂದಿತ್ತು. 2006ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜೋಡಿಸಿಕೊಂಡು, ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕೆಳಗಿನ ಬರ್ತಿನ ಅಡಿಯಲ್ಲಿಟ್ಟು ಮುಂಬಯಿಗೆ ತಂದದ್ದು. ಕಳೆದ ಮಳೆಗಾಲದಲ್ಲಿ ಅದನ್ನು ಬಿಚ್ಚಿ, ತೊಳೆದು, ಒಳಗೆ ಹೊಸ ಸಾಮಾನು ಕೂರಿಸಿ ಫೋಟೋ ತಿದ್ದುವ ಯಂತ್ರ ಮಾಡಿಕೊಂಡೆ. ಈ ಕೆಲಸಕ್ಕೆ ಎಂಜಿನಿಯರ್ ಆಗಬೇಕಿಲ್ಲ. ಹಳೆಯದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದು ತಿಳಿದರೆ ಅರ್ಧ ಗೆದ್ದಂತೆ. ಆ ಲೆಕ್ಕವನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಹಾರ್ಡ್ ಡಿಸ್ಕ್, ಆಮೇಲೆ ಉಳಿದದ್ದು

ಸ್ಕ್ರೂಡ್ರೈವರ್ ಹಿಡಿದ ಕೂಡಲೇ ಹೊಸ ಮದರ್‌ಬೋರ್ಡಿನ ಕನಸು ಕಾಣಬೇಡಿ. ಆ ಡಬ್ಬದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಹಳೇ ಹಾರ್ಡ್ ಡಿಸ್ಕ್. ಡಿಜಿಟಲ್ ಕ್ಯಾಮೆರಾ ಹೊಸತಾಗಿ ಮನೆಗೆ ಬಂದ ಕಾಲದ ಮದುವೆ, ನಾಮಕರಣ, ಊರಹಬ್ಬದ ಚಿತ್ರಗಳೆಲ್ಲ ಅದರಲ್ಲೇ ಇರುತ್ತವೆ. ಆಗ ಮೋಡದಲ್ಲಿ ಫೋಟೋ ಇಡುವ ಅಭ್ಯಾಸವಿರಲಿಲ್ಲ, ನೋಡಿ.

ಡಿಸ್ಕಿಗೆ ಅಗಲವಾದ, ರಿಬ್ಬನ್ನಿನಂಥ ಕೇಬಲ್ ಇದ್ದರೆ ಅದು ಐಡಿಇ. ಇಂದಿನ ಮದರ್‌ಬೋರ್ಡುಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ಕಿರುಬೆರಳಗಲದ ಕೇಬಲ್ ಇದ್ದರೆ ಸಾಟಾ, ಅದು ಈಗಲೂ ನಡೆಯುತ್ತದೆ. ಎರಡಕ್ಕೂ ಹೊಂದುವ ಯುಎಸ್‌ಬಿ ಕನ್ವರ್ಟರ್ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚಿ ಸ್ಟ್ರೀಟ್‌ನಂಥ ಕಡೆ ಕೇಳಿದರೆ ಸಿಗುತ್ತದೆ. ಪ್ರತ್ಯೇಕ ಅಡಾಪ್ಟರ್ ಇರುವುದನ್ನೇ ಕೇಳಿ ಪಡೆಯಿರಿ. ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿ ತಂತಿಯೊಂದರಿಂದ ಅದು ತಿರುಗುವುದಿಲ್ಲ.

ಲ್ಯಾಪ್‌ಟಾಪಿಗೆ ಜೋಡಿಸಿದಾಗ 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳಿದರೆ ಬೇಡ ಎನ್ನಿ. ಡಿಸ್ಕು 'ಟಕ್ ಟಕ್' ಎಂದು ಬಡಿದುಕೊಂಡರೆ ತಕ್ಷಣ ನಿಲ್ಲಿಸಿ, ಮತ್ತೆ ಮತ್ತೆ ಚಾಲೂ ಮಾಡಿ ನೋಡಬೇಡಿ. ಅದು ತಜ್ಞರ ಕೈಗೆ ಹೋಗಬೇಕಾದ ಕೇಸು. ಚೆನ್ನಾಗಿ ತೆರೆದುಕೊಂಡರೆ ಒಂದೊಂದೇ ಚಿತ್ರ ನೋಡುತ್ತಾ ಕೂರದೆ, ಇಡಿಯಾಗಿ ಎರಡು ಕಡೆ ನಕಲು ಮಾಡಿಕೊಳ್ಳಿ. ಕಣ್ಣೀರು ಹಾಕುವುದು ಆಮೇಲೆ.

ನನ್ನ ಡಿಸ್ಕಿನಲ್ಲಿ 2008ರ ಊರ ಜಾತ್ರೆಯ ಚಿತ್ರಗಳಿದ್ದವು. ಒಂದರಲ್ಲಿ ಅಪ್ಪ ತೇರಿನ ಹಗ್ಗ ಹಿಡಿದು ನಗುತ್ತಿದ್ದಾರೆ, ಮುಖದ ಮೇಲೆ ಪೂರ್ತಿ ನೆರಳು. ಅಪ್ಪ ಈಗಿಲ್ಲ. ಆ ಚಿತ್ರದ ಇನ್ನೊಂದು ಪ್ರತಿ ಬೇರೆಲ್ಲೂ ಇರಲಿಲ್ಲ. ಆ ನೆರಳನ್ನು ಸ್ವಲ್ಪ ಸರಿಸಬೇಕು ಎನ್ನುವ ಆಸೆಯಿಂದಲೇ ಈ ಯಂತ್ರದ ಕೆಲಸಕ್ಕೆ ಕೈಹಾಕಿದ್ದು.

ಡಬ್ಬ ಹೊಂದುತ್ತದೆಯೇ?

ಇಪ್ಪತ್ತು ವರ್ಷ ಹಳೆಯ ಡಬ್ಬಕ್ಕೆ ಇಂದಿನ ಬೋರ್ಡು ಹೇಗೆ ಹೊಂದೀತು ಎಂದು ನೀವು ಕೇಳಬಹುದು. ಹೊಂದುತ್ತದೆ. ಇಂಟೆಲ್ ಕಂಪನಿ 1995ರಲ್ಲಿ ಎಟಿಎಕ್ಸ್ ಎಂಬ ಅಳತೆ ನಿಗದಿ ಮಾಡಿತು. ಬೋರ್ಡಿನ ಉದ್ದ ಅಗಲ, ಸ್ಕ್ರೂ ತೂತುಗಳ ಜಾಗ, ಹಿಂಬದಿಯ ಕಿಂಡಿಯ ಗಾತ್ರ ಎಲ್ಲವೂ ಅದರಲ್ಲಿವೆ. ಪೂರ್ಣ ಎಟಿಎಕ್ಸ್ ಬೋರ್ಡು 305 ಮಿಲಿಮೀಟರ್ ಉದ್ದ, 244 ಮಿಲಿಮೀಟರ್ ಅಗಲ. ಮೈಕ್ರೋ ಎಟಿಎಕ್ಸ್ ಆದರೆ ಎರಡೂ ಕಡೆ 244. ಆ ತೂತುಗಳ ಜಾಗ ಇಂದಿಗೂ ಬದಲಾಗಿಲ್ಲ. ಅಂಗಡಿಯಲ್ಲಿ ಜೋಡಿಸಿಕೊಂಡ ಡಬ್ಬಗಳು ಬಹುಪಾಲು ಇದೇ ಅಳತೆಯವು.

ಎರಡು ಬಗೆಯ ಡಬ್ಬಗಳನ್ನು ಮಾತ್ರ ಬಿಟ್ಟುಬಿಡಿ. ಒಂದು, ಎಟಿಎಕ್ಸ್‌ಗಿಂತ ಹಿಂದಿನ ಎಟಿ ಡಬ್ಬ. ಅದರ ಮುಂಬದಿಯ ಸ್ವಿಚ್ಚಿಗೆ ನೇರವಾಗಿ 230 ವೋಲ್ಟ್ ಬರುತ್ತದೆ, ಆಟವಾಡುವ ವಸ್ತುವಲ್ಲ. ಇನ್ನೊಂದು, ದೊಡ್ಡ ಬ್ರಾಂಡುಗಳು ಕಚೇರಿಗಳಿಗೆಂದು ಮಾಡಿದ ಕೆಲವು ತೆಳು ಡಬ್ಬಗಳು. ಅವುಗಳ ಬೋರ್ಡು, ಪವರ್ ಸಪ್ಲೈ, ಸ್ವಿಚ್ಚಿನ ತಂತಿ ಎಲ್ಲ ಅವರದೇ ಅಳತೆ.

ಟೇಪು ಹಿಡಿದು ಇನ್ನೆರಡು ಅಳತೆ ಬರೆದುಕೊಳ್ಳಿ. ಬೋರ್ಡು ಕೂರುವ ತಗಡಿನಿಂದ ಪಕ್ಕದ ಬಾಗಿಲಿಗೆ ಎಷ್ಟು ದೂರ? ಪ್ರೊಸೆಸರಿನ ಮೇಲೆ ಎಷ್ಟು ಎತ್ತರದ ಫ್ಯಾನ್ ಹಿಡಿಸುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಹಿಂಬದಿಯ ಕಿಂಡಿಯಿಂದ ಹಾರ್ಡ್ ಡಿಸ್ಕಿನ ಗೂಡಿಗೆ ಎಷ್ಟು ದೂರ? ಗ್ರಾಫಿಕ್ಸ್ ಕಾರ್ಡಿನ ಉದ್ದ ಅದರೊಳಗಿರಬೇಕು.

ಬಿಡಬೇಕಾದ್ದು, ಉಳಿಸಬೇಕಾದ್ದು

ಹಳೇ ಎಸ್‌ಎಂಪಿಎಸ್ ಅನ್ನು ಯಾವ ಕಾರಣಕ್ಕೂ ಮತ್ತೆ ಬಳಸಬೇಡಿ. 'ಇನ್ನೂ ಓಡ್ತಾ ಇದೆಯಲ್ಲ ಸಾರ್' ಎಂದು ಯಾರಾದರೂ ಹೇಳಿದರೂ ಕೇಳಬೇಡಿ. ಅದರೊಳಗಿನ ಕೆಪಾಸಿಟರುಗಳು ವರ್ಷ ಕಳೆದಂತೆ ಒಣಗುತ್ತವೆ, ಉಬ್ಬುತ್ತವೆ. ಹಳೆಯವು 5 ವೋಲ್ಟಿನ ಕಡೆ ಹೆಚ್ಚು ಶಕ್ತಿ ಕೊಡುವಂತೆ ಮಾಡಿದವು, ಇಂದಿನ ಯಂತ್ರ ಬಹುಪಾಲು 12 ವೋಲ್ಟಿನಲ್ಲೇ ಬದುಕುತ್ತದೆ. ಪ್ಲಗ್ಗು ಕೂಡ ಬೇರೆ. ಅಂದು 20 ಪಿನ್, ಇಂದು 24 ಪಿನ್, ಜೊತೆಗೆ ಪ್ರೊಸೆಸರಿಗೆಂದು 8 ಪಿನ್. '80 ಪ್ಲಸ್' ಗುರುತಿರುವ ಹೊಸದನ್ನು ಕೊಳ್ಳಿ. ಹೊರಗಿನ ಅಳತೆ ಅದೇ ಎಟಿಎಕ್ಸ್, ಹಳೇ ಜಾಗದಲ್ಲೇ ನಾಲ್ಕು ಸ್ಕ್ರೂಗಳಲ್ಲಿ ಕೂರುತ್ತದೆ. ಹಳೆಯದನ್ನು ಬಿಚ್ಚಿ ನೋಡುವ ಕುತೂಹಲವೂ ಬೇಡ, ಪ್ಲಗ್ ತೆಗೆದ ಮೇಲೂ ಒಳಗೆ ವಿದ್ಯುತ್ ಉಳಿದಿರುತ್ತದೆ.

ಉಳಿಸಬೇಕಾದ್ದು ಯಾವುದು ಗೊತ್ತೇ? ಮುಂಬದಿಯ ಗೂಡುಗಳು. ಇಂದಿನ ಗಾಜಿನ ಬಾಗಿಲಿನ, ಬಣ್ಣದ ದೀಪದ ಕ್ಯಾಬಿನೆಟ್ಟುಗಳಲ್ಲಿ ಹೆಚ್ಚಿನವಕ್ಕೆ ಡಿವಿಡಿ ಡ್ರೈವಿನ ಗೂಡೇ ಇಲ್ಲ. ನಿಮ್ಮ ಹಳೇ ಡಬ್ಬದಲ್ಲಿ ಒಂದಲ್ಲ, ಎರಡಿರಬಹುದು. ಒಂದಕ್ಕೆ ಸಾಟಾ ಡಿವಿಡಿ ಡ್ರೈವ್ ಹಾಕಿ. ಸ್ಟುಡಿಯೋದವರು ಕೊಟ್ಟ ಮದುವೆಯ ಸಿಡಿ, ನೀವೇ ಬರ್ನ್ ಮಾಡಿಟ್ಟ ಡಿವಿಡಿಗಳನ್ನು ಓದಿಸಲು ಅದೇ ದಾರಿ. ಬರ್ನ್ ಮಾಡಿದ ಡಿಸ್ಕುಗಳ ಬಣ್ಣದ ಪದರ ಕಾಲಕ್ರಮದಲ್ಲಿ ಕೆಡುತ್ತದೆ, ತಡಮಾಡಬೇಡಿ. ಫ್ಲಾಪಿ ಡ್ರೈವಿದ್ದ ಪುಟ್ಟ ಗೂಡಿಗೆ ಕ್ಯಾಮೆರಾದ ಕಾರ್ಡ್ ರೀಡರ್ ಸರಿಯಾಗಿ ಕೂರುತ್ತದೆ. ಫೋಟೋದವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು!

ಹಣ ಎಲ್ಲಿ ಹಾಕಬೇಕು?

ಇಲ್ಲೊಂದು ಸಣ್ಣ ಲೆಕ್ಕ. 24 ಮೆಗಾಪಿಕ್ಸೆಲ್ ಚಿತ್ರವೆಂದರೆ 2 ಕೋಟಿ 40 ಲಕ್ಷ ಚುಕ್ಕಿ. ಪ್ರತಿ ಚುಕ್ಕಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬಣ್ಣ. 16 ಬಿಟ್‌ನಲ್ಲಿ ತೆರೆದರೆ ಪ್ರತಿ ಬಣ್ಣಕ್ಕೆ 2 ಬೈಟ್. ಅಂದರೆ ಒಂದು ಪದರಕ್ಕೆ ಸುಮಾರು 144 ಎಂಬಿ. ಹತ್ತು ಪದರ ಹಾಕಿದರೆ ಹತ್ತಿರ ಹತ್ತಿರ ಒಂದೂವರೆ ಜಿಬಿ, ಅದೂ ಒಂದೇ ಚಿತ್ರಕ್ಕೆ. ಹೀಗಾಗಿ ಮೊದಲ ಹಣ ರ‍್ಯಾಮ್‌ಗೆ. 16 ಜಿಬಿ ಕನಿಷ್ಠ, 32 ಜಿಬಿ ಇದ್ದರೆ ನೆಮ್ಮದಿ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿದ್ದರಿಂದ, ಕೈ ಬಿಗಿಯಿದ್ದರೆ 16ರ ಒಂದೇ ಪಟ್ಟಿ ಹಾಕಿ ಪಕ್ಕದ ಜಾಗ ಖಾಲಿ ಬಿಡಿ, ಮುಂದೆ ಇನ್ನೊಂದು ಸೇರಿಸಬಹುದು. ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಬೋರ್ಡು ಯಾವುದನ್ನು ಕೇಳುತ್ತದೆಂದು ಮೊದಲೇ ನೋಡಿ.

ಎರಡನೆಯದು ಎಸ್‌ಎಸ್‌ಡಿ. ಬೋರ್ಡಿಗೇ ಸ್ಕ್ರೂ ಹಾಕಿ ಕೂರಿಸುವ ಎನ್‌ವಿಎಂಇ ಪಟ್ಟಿಗೆ ಡಬ್ಬದ ಹಳೇ ಗೂಡು ಬೇಕಿಲ್ಲ. ಆಪರೇಟಿಂಗ್ ಸಿಸ್ಟಮ್ ಮತ್ತು ಈಗ ತಿದ್ದುತ್ತಿರುವ ಚಿತ್ರಗಳು ಅದರಲ್ಲಿರಲಿ. ಹಳೇ ಚಿತ್ರಗಳ ಭಂಡಾರಕ್ಕೆ ಹೊಸದೊಂದು ದೊಡ್ಡ ಹಾರ್ಡ್ ಡಿಸ್ಕ್ ಸಾಕು, ಅದಕ್ಕೆ ಹಳೇ ಗೂಡೇ ಸರಿ.

ಗ್ರಾಫಿಕ್ಸ್ ಕಾರ್ಡು ಆಮೇಲೆ ನೋಡೋಣ. ಬೆಳಕು, ಬಣ್ಣ, ಕತ್ತರಿಸುವ ಕೆಲಸಕ್ಕೆ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಸಾಕು. ಇಂಟೆಲ್ ಪ್ರೊಸೆಸರ್ ಕೊಳ್ಳುವಾಗ ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ನೆನಪಿರಲಿ. ಕೃತಕ ಬುದ್ಧಿಯಿಂದ ಚಿತ್ರದ ಕಾಳುಕಾಳನ್ನು ಅಳಿಸುವ ಸೌಲಭ್ಯ 2023ರಲ್ಲಿ ಅಡೋಬಿ ಲೈಟ್‌ರೂಮಿಗೆ ಬಂತು. ಅಂಥದ್ದನ್ನು ದಿನಾ ಬಳಸುವವರಿಗೆ ಮಾತ್ರ ಪ್ರತ್ಯೇಕ ಕಾರ್ಡಿನ ಪ್ರಯೋಜನ ಚೆನ್ನಾಗಿ ಕಾಣುತ್ತದೆ.

ಉಳಿಸಿದ ಹಣವನ್ನು ಮಾನಿಟರಿಗೆ ಹಾಕಿ. ಪರದೆ ಸುಳ್ಳು ಹೇಳಿದರೆ ನೀವು ತಿದ್ದಿದ್ದೆಲ್ಲ ಸುಳ್ಳೇ. ಐಪಿಎಸ್ ಪರದೆ, ನೂರಕ್ಕೆ ನೂರು ಎಸ್‌ಆರ್‌ಜಿಬಿ ಬಣ್ಣ ತೋರಿಸುವಂಥದ್ದು ಇರಲಿ. ಬೆಳಕನ್ನು ಪೂರ್ತಿ ಏರಿಸಿಟ್ಟುಕೊಂಡು ತಿದ್ದಿದರೆ ಪ್ರಿಂಟು ಕಪ್ಪಾಗಿ ಬರುತ್ತದೆ, ಆಮೇಲೆ ಸ್ಟುಡಿಯೋದವನನ್ನು ಬೈಯುತ್ತೇವೆ.

ಜೋಡಿಸುವ ದಿನ

ಭಾನುವಾರ ಬೆಳಿಗ್ಗೆ, ರೇಡಿಯೋ ಹಾಕಿಕೊಂಡೇ ಕೂರಿ. ಒಳಗಿನದ್ದೆಲ್ಲ ತೆಗೆದ ಬರಿ ಡಬ್ಬವನ್ನು ಬ್ರಶ್ಶಿನಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಮುಂಬಯಿ, ಚೆನ್ನೈಯ ಕಡಲ ಗಾಳಿಗೆ ತುಕ್ಕು ಹಿಡಿದಿದ್ದರೆ ಮರಳು ಕಾಗದದಿಂದ ಉಜ್ಜಿ ಬಣ್ಣ ಹಚ್ಚಿ.

ಬೋರ್ಡಿನ ಕೆಳಗೆ ಹಿತ್ತಾಳೆಯ ಪುಟ್ಟ ಕಂಬಗಳಿರುತ್ತವೆ. ಹೊಸ ಬೋರ್ಡಿನ ತೂತು ಎಲ್ಲೆಲ್ಲಿದೆಯೋ ಅಲ್ಲಿ ಮಾತ್ರ ಅವು ಇರಬೇಕು. ತೂತಿಲ್ಲದ ಕಡೆ ಒಂದು ಕಂಬ ಉಳಿದರೂ ಬೋರ್ಡಿನ ಬೆನ್ನಿಗೆ ತಗುಲಿ ಶಾರ್ಟ್ ಆದೀತು. ಹಿಂಬದಿಯ ತಗಡಿನ ಪಟ್ಟಿ ಹಳೆಯದು ಹೊಂದುವುದಿಲ್ಲ, ಹೊಸ ಬೋರ್ಡಿನ ಜೊತೆ ಬಂದದ್ದನ್ನೇ ಹಾಕಿ.

ಮುಂಬದಿಯ ಸ್ವಿಚ್ಚಿನ ತಂತಿ ಹಳೆಯದೇ ನಡೆಯುತ್ತದೆ. ಪವರ್ ದೀಪದ ಪ್ಲಗ್ಗಿನಲ್ಲಿ ಮಾತ್ರ ನನಗೆ ಅರ್ಧ ಗಂಟೆ ಹೋಯಿತು. ಹಳೇ ಡಬ್ಬಗಳಲ್ಲಿ ಅದು ಮೂರು ತೂತಿನದು, ನಡುವಿನದು ಖಾಲಿ. ಹೊಸ ಬೋರ್ಡಿನಲ್ಲಿ ಎರಡೇ ಪಿನ್, ಅಕ್ಕಪಕ್ಕ. ಸೂಜಿಯಿಂದ ಪ್ಲಗ್ಗಿನ ನಾಲಿಗೆಯನ್ನು ಮೆಲ್ಲಗೆ ಎತ್ತಿ, ತುದಿಯ ತಂತಿಯೊಂದನ್ನು ನಡುವಿನ ತೂತಿಗೆ ಸರಿಸಿದರೆ ಆಯಿತು. ಮುಂಬದಿಯ ಹಳೇ ಯುಎಸ್‌ಬಿ ನಿಧಾನ, ದೊಡ್ಡ ನಕಲುಗಳಿಗೆ ಹಿಂಬದಿಯದನ್ನೇ ಬಳಸಿ.

ಗಾಳಿಯ ದಾರಿ ಮರೆಯಬೇಡಿ. ಮುಂದಿನಿಂದ ತಣ್ಣನೆಯದು ಒಳಗೆ, ಹಿಂದಿನಿಂದ ಬಿಸಿಯದು ಹೊರಗೆ. ಹಳೇ ಡಬ್ಬದಲ್ಲಿ ಹೆಚ್ಚಾಗಿ 80 ಮಿಲಿಮೀಟರಿನ ಫ್ಯಾನಿಗೆ ಜಾಗ. ಎರಡೂ ಕಡೆ ಹೊಸ ಫ್ಯಾನ್ ಹಾಕಿ, ಮುಂಬದಿಗೊಂದು ಧೂಳುಜಾಲರಿ ಕಟ್ಟಿ. ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನನ್ನು ಕರೆದು ನೋಡಿಸಿ. ಬಾಡಿಗೆ ಮನೆಯಲ್ಲಂತೂ ಇದು ಕಡ್ಡಾಯ.

ತಂತ್ರಾಂಶ ಮತ್ತು ಕೊನೆಯ ಮಾತು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಿ, ಇಲ್ಲವೇ ಲಿನಕ್ಸ್. ಚಿತ್ರ ತಿದ್ದಲು ಡಾರ್ಕ್‌ಟೇಬಲ್, ಗಿಂಪ್ ಎರಡೂ ಉಚಿತ. ಗಿಂಪ್‌ನ 3.0 ಆವೃತ್ತಿ 2025ರ ಮಾರ್ಚಿನಲ್ಲಿ ಬಂದಿದೆ.

ಅಪ್ಪನ ಚಿತ್ರ ಜೆಪೆಗ್ ಆಗಿತ್ತು. ಅದರಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. 14 ಬಿಟ್ ರಾ ಚಿತ್ರವಾಗಿದ್ದರೆ 16,384 ಮೆಟ್ಟಿಲು ಇರುತ್ತಿದ್ದವು. ಹೀಗಾಗಿ ನೆರಳನ್ನು ಬಹಳ ಎತ್ತಿದರೆ ಮುಖ ಮಚ್ಚೆಮಚ್ಚೆಯಾಗುತ್ತಿತ್ತು. ಮೂಲವನ್ನು ಮುಟ್ಟದೆ ನಕಲಿನಲ್ಲಿ, ಮುಖದ ಭಾಗವನ್ನಷ್ಟೇ ಚೂರು ಚೂರು ಬೆಳಗಿಸಿದೆ. ಪೂರ್ತಿ ನೆರಳು ಹೋಗಲಿಲ್ಲ. ಆದರೆ ಕಣ್ಣು ಕಾಣಿಸಿತು. ಪ್ರಿಂಟು ಹಾಕಿಸಿ ಊರಿಗೆ ಕಳಿಸಿದೆ. ಅಮ್ಮ ಫೋನಿನಲ್ಲಿ, "ಹಗ್ಗ ಹಿಡಿದ ಕೈಯಲ್ಲಿ ನಾನು ಕೊಟ್ಟ ವಾಚಿದೆ ನೋಡು" ಎಂದರು. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಚಿತ್ರಗಳ ಮೂರು ಪ್ರತಿ ಇಡಿ, ಎರಡು ಬಗೆಯ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ. ಊರಿನ ತಮ್ಮನ ಮನೆಯ ಬೀರು ಆದರೂ ಸರಿ. ಉಳಿದ ಹಳೇ ಬೋರ್ಡು, ಎಸ್‌ಎಂಪಿಎಸ್ಸುಗಳನ್ನು ಕಸದ ಬುಟ್ಟಿಗೆ ಹಾಕದೆ ನೋಂದಾಯಿತ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಡಿ. ಹಳೇ ಹಾರ್ಡ್ ಡಿಸ್ಕನ್ನು ಮಾತ್ರ ಯಾರಿಗೂ ಕೊಡಬೇಡಿ, ಸೀರೆ ಸುತ್ತಿ ಮತ್ತೆ ಅಟ್ಟಕ್ಕೇ ಇಡಿ.

ಈ ಭಾನುವಾರ ಅಟ್ಟ ಹತ್ತಿ ನೋಡುತ್ತೀರಲ್ಲ?