ಪೋತ್ತನೂರಿನಲ್ಲಿ ನಿಂತ ಪಾಠ

ಕಾಸರಗೋಡಿನಲ್ಲಿ ರೈಲು ಹತ್ತಿ, ಕಣ್ಣೂರು, ಕಲ್ಲಿಕೋಟೆ, ಶೋರನೂರು, ಪಾಲಕ್ಕಾಡು ಕಳೆದು, ವಾಳಯಾರಿನ ಕಾಡನ್ನು ಹಿಂದೆ ಹಾಕಿದರೆ ಕೊಯಮತ್ತೂರಿಗೆ ಮೊದಲು ಸಿಗುವ ಜಂಕ್ಷನ್ ಪೋತ್ತನೂರು. 1862ರಿಂದ ರೈಲು ಕಂಡ ಊರು ಇದು. ನಮ್ಮ ಕಡೆಯ ಹಳಿಗಳನ್ನು ನೋಡಿಕೊಳ್ಳುವ ಪಾಲಕ್ಕಾಡು ವಿಭಾಗದ ಕಚೇರಿಯೂ 1956ರಲ್ಲಿ ಒಲವಕ್ಕೋಡಿಗೆ ಹೋಗುವವರೆಗೆ ಇದ್ದುದು ಇಲ್ಲಿಯೇ. ರೈಲ್ವೆ ನೌಕರಿ ಹಿಡಿದ ಮನೆಗಳಲ್ಲಿ ಈ ಹೆಸರು ಹೊಸದಲ್ಲ.

ಅಲ್ಲಿ ನೆಲೆಸಿರುವ ನಮ್ಮೂರ ಕಡೆಯ ಒಂದು ಸಂಸಾರದ ವಿಷಯ ಇದು. ಹೆಸರು ಹೇಳುವುದಿಲ್ಲ; ಹೇಳಿದರೆ ಮಗು ದೊಡ್ಡವನಾದ ಮೇಲೆ ನನ್ನನ್ನು ಕ್ಷಮಿಸಲಾರ.

ಹುಡುಗನಿಗೆ ಎರಡು ವರ್ಷ ಮೂರು ತಿಂಗಳು. ಬೇಸಗೆಯಲ್ಲಿ ತಾಯಿಯೊಂದಿಗೆ ಅಜ್ಜಿಮನೆಗೆ ಬಂದು ಒಂದೂವರೆ ತಿಂಗಳು ಇದ್ದ. ಅಲ್ಲಿ ಚಡ್ಡಿಯ ಹಂಗಿಲ್ಲದೆ ಅಂಗಳದಲ್ಲಿ ಓಡಾಡುತ್ತಾ, ಅಜ್ಜಿ ಕೂರಿಸಿದಲ್ಲಿ ಕೂರುತ್ತಾ, ಎಲ್ಲವನ್ನೂ ಕಲಿತುಬಿಟ್ಟ ಎಂದೇ ಎಲ್ಲರೂ ತಿಳಿದರು. ಹಿಂದಿರುಗುವ ದಿನ ರೈಲಿನಲ್ಲಿ ತಾಯಿ ಅವನನ್ನು ಪಾಯಿಖಾನೆಗೆ ಎತ್ತಿಕೊಂಡು ಹೋದಳು. ಗಡಗಡ ಶಬ್ದ, ಅಲುಗಾಡುವ ನೆಲ, ಕೆಳಗೆ ಕಪ್ಪು ರಂಧ್ರ. ಹುಡುಗ ಕಿರುಚಿ ತಾಯಿಯ ಕುತ್ತಿಗೆಗೆ ಜೋತುಬಿದ್ದ. ಏಳೆಂಟು ಗಂಟೆಗಳ ಪ್ರಯಾಣ. ಆ ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಮೂರನೆಯ ದಿನ ಗಟ್ಟಿಯಾಗಿ, ನೋವಿನಿಂದ ಹೋದ. ಅಲ್ಲಿಂದಾಚೆಗೆ ಕ್ವಾರ್ಟರ್ಸಿನ ಕಕ್ಕಸಿನ ಬಾಗಿಲು ಕಂಡರೆ ಸಾಕು, ಕಾಲು ಕತ್ತರಿ ಹಾಕಿ ನಿಲ್ಲುತ್ತಿದ್ದ. ಮೂತ್ರವೂ ಮತ್ತೆ ಹಾಸಿಗೆ, ಚಾಪೆ, ಅಪ್ಪನ ತೊಡೆ ಎಂದು ಸಿಕ್ಕಸಿಕ್ಕಲ್ಲಿ.

ಇತ್ತ ತಾಯಿಗೆ ಅವಸರ. ಅವಳು ಮತ್ತೆ ಕೆಲಸಕ್ಕೆ ಸೇರಬೇಕು, ಮಗುವನ್ನು ಬಿಡಬೇಕೆಂದಿದ್ದ ಶಿಶುವಿಹಾರದವರು ಚಡ್ಡಿ ಒದ್ದೆ ಮಾಡದ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುವುದಾಗಿ ಹೇಳಿದ್ದರು. ಊರಿಗೆ ಫೋನು ಮಾಡಿದಳು: "ಅಮ್ಮಾ, ಇದನ್ನು ಹೀಗೆಯೇ ಮುಂದುವರಿಸುವುದೋ, ಸ್ವಲ್ಪ ದಿನ ಬಿಟ್ಟುಬಿಡುವುದೋ?"

"ಬಿಡುವುದೆಂದರೇನು? ನೀನು ಒಂದೂವರೆ ವರ್ಷಕ್ಕೇ ಹೇಳಿ ಕೂರುತ್ತಿದ್ದಿ," ಎಂದರು ಅಜ್ಜಿ.

ಈ ಮಾತು ಕೇಳದ ತಾಯಿ ನಮ್ಮಲ್ಲಿ ಯಾರಿದ್ದಾರೆ? ಇದು ಸುಳ್ಳೂ ಅಲ್ಲ. ಹಿಂದಿನವರು ತಿಂಗಳ ಕೂಸನ್ನೇ ಎರಡು ಪಾದಗಳ ನಡುವೆ ಕೂರಿಸಿಕೊಂಡು "ಸ್‌ಸ್‌ಸ್" ಎಂದು ದನಿ ಮಾಡುತ್ತಿದ್ದರು, ಕೂಸು ಹೊಯ್ಯುತ್ತಿತ್ತು. ಪೂರ್ವ ಆಫ್ರಿಕಾದ ಡಿಗೋ ಜನರು ಹುಟ್ಟಿದ ಕೆಲವೇ ವಾರಗಳಲ್ಲಿ ಇದೇ ರೀತಿ ಆರಂಭಿಸಿ, ಐದಾರು ತಿಂಗಳಿಗೆ ಮಕ್ಕಳನ್ನು ಬಹುಮಟ್ಟಿಗೆ ಒಣಗಿರುವಂತೆ ಮಾಡುತ್ತಾರೆಂದು 1977ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಬರೆಯಲಾಗಿತ್ತು. ಆದರೆ ಸೂಕ್ಷ್ಮವಾಗಿ ನೋಡಿದರೆ ಅಲ್ಲಿ ಮೊದಲು ಕಲಿತದ್ದು ಕೂಸಲ್ಲ, ಕೂಸನ್ನು ಹೊತ್ತವರು. ಮುಖ ಕೆಂಪಾಯಿತು, ಆಟ ನಿಂತಿತು, ಕಾಲು ಸೆಟೆಯಿತು ಎಂಬುದನ್ನು ಅಜ್ಜಿಯ ಕಣ್ಣು ಹಿಡಿಯುತ್ತಿತ್ತು. ಸೆಗಣಿ ಸಾರಿಸಿದ ಜಗಲಿಯಲ್ಲಿ ಒಂದೆರಡು ಬಾರಿ ತಪ್ಪಿದರೂ ಒಂದು ಚೆಂಬು ನೀರಿನಿಂದ ತೀರುತ್ತಿತ್ತು. ಪೋತ್ತನೂರಿನ ಎರಡು ಕೋಣೆಯ ಮನೆಯಲ್ಲಿ ಆ ಕಣ್ಣೂ ಇಲ್ಲ, ಆ ಜಗಲಿಯೂ ಇಲ್ಲ. ಬೇಸಗೆಯಲ್ಲಿ ಹುಡುಗ ಕಲಿತದ್ದರಲ್ಲಿ ಅರ್ಧ ಪಾಲು ಅಜ್ಜಿಯದೇ ಆಗಿದ್ದು, ಅದು ಅವನ ಸಂಗಡ ರೈಲು ಹತ್ತಲಿಲ್ಲ.

ತಾನಾಗಿ ತಡೆದು, ತಾನಾಗಿ ಹೇಳಿ, ತಾನಾಗಿ ಬಿಡುವ ಶಕ್ತಿ ಬೇರೆ. ಮೂತ್ರಕೋಶ ತುಂಬಿದ್ದು ಮಿದುಳಿಗೆ ತಿಳಿಯಬೇಕು, ಬಿಗಿ ಸ್ನಾಯು ಮಗುವಿನ ಮಾತು ಕೇಳಬೇಕು. ಇದು ಸಾಮಾನ್ಯವಾಗಿ ಒಂದೂವರೆ ವರ್ಷದ ಬಳಿಕ ಮೆಲ್ಲನೆ ಕೂಡಿಬರುವಂಥದು. ಬ್ರೇಜಲ್ಟನ್ ಎಂಬ ಅಮೆರಿಕದ ಮಕ್ಕಳ ವೈದ್ಯರು 1962ರಲ್ಲಿ 1,170 ಮಕ್ಕಳ ವಿವರ ಪ್ರಕಟಿಸಿದಾಗ, ಒತ್ತಾಯವಿಲ್ಲದೆ ಕಲಿತ ಆ ಮಕ್ಕಳು ಹಗಲಿನಲ್ಲಿ ಹಿಡಿತ ಸಾಧಿಸುವಾಗ ಸರಾಸರಿ 28 ತಿಂಗಳು ದಾಟಿತ್ತು. 2003ರ ಇನ್ನೊಂದು ಅಧ್ಯಯನದಲ್ಲಿ, 27 ತಿಂಗಳಿಗೆ ಮೊದಲೇ ಗಂಟುಬಿದ್ದು ಕಲಿಸಹೊರಟವರಿಗೆ ಹೆಚ್ಚಿನ ಲಾಭವಾಗಲಿಲ್ಲ, ಕಲಿಸುವ ಕಾಲ ಮಾತ್ರ ಉದ್ದವಾಯಿತು ಎಂದು ಕಂಡುಬಂತು. ರಾತ್ರಿಯ ಮಾತು ಇನ್ನೂ ತಡ. ಐದು ವರ್ಷದವರೆಗೆ ಹಾಸಿಗೆ ಒದ್ದೆಯಾದರೆ ಅದು ರೋಗವಲ್ಲ.

ಪೋತ್ತನೂರಿನ ತಾಯಿ ಕಡೆಗೆ ಮಕ್ಕಳ ವೈದ್ಯರಲ್ಲಿಗೆ ಹೋದಳು. ಅವರು ಕೇಳಿದ್ದು ಮೂತ್ರದ ವಿಷಯವಲ್ಲ, ಮಲದ ವಿಷಯ. ಗಟ್ಟಿಯೋ? ಎಷ್ಟು ದಿನಕ್ಕೊಮ್ಮೆ? ನೋವಿನಿಂದ ಅಳುತ್ತಾನೆಯೇ? ನೋವಾಯಿತೆಂದು ಮಗು ತಡೆಯುತ್ತದೆ, ತಡೆದಷ್ಟೂ ಒಳಗೆ ನೀರಿಂಗಿ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ನೋವು ಹೆಚ್ಚುತ್ತದೆ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುವುದರಿಂದ ಚಡ್ಡಿಯೂ ಒದ್ದೆಯಾಗುತ್ತದೆ. ಇಂಥ ಹೊತ್ತಿನಲ್ಲಿ "ಕೂರು, ಕೂರು" ಎಂದು ಬಲವಂತ ಮಾಡುವುದು ಗಾಯಕ್ಕೆ ಉಪ್ಪು ಹಚ್ಚಿದಂತೆ. ಹಾಗಾಗಿ ವೈದ್ಯರು ನಿಲ್ಲಿಸಿ ಎಂದರು. ಮಲ ಮೆದುವಾಗಲು ಔಷಧಿ ಬರೆದರು, ನೀರು, ಹಣ್ಣು, ಸೊಪ್ಪು ಹೆಚ್ಚಿಸಿ ಎಂದರು. ದಿನಕ್ಕೆ ಮುಕ್ಕಾಲು ಲೀಟರು ಕುಡಿಯುತ್ತಿದ್ದ ಹಾಲನ್ನು ಅರ್ಧ ಲೀಟರಿಗಿಂತ ಕೆಳಗೆ ಇಳಿಸಲು ಹೇಳಿದರು. ಈ ಕೊನೆಯ ಮಾತು ಅಜ್ಜಿಗೆ ಇಂದಿಗೂ ಒಪ್ಪಿಗೆಯಿಲ್ಲ.

ನಿಲ್ಲಿಸುವುದೆಂದರೆ ಸೋತಂತೆ ಎಂದು ತಾಯಿ ಎರಡು ದಿನ ಅತ್ತಳಂತೆ. ನನಗೆ ಹಾಗೆ ಕಾಣುವುದಿಲ್ಲ. ಮಗು ಒಂದೆರಡು ಗಂಟೆ ಒಣಗಿರುತ್ತಿದ್ದು, ಒದ್ದೆಯಾದರೆ ತೋರಿಸುತ್ತಾ, ಚಡ್ಡಿ ತಾನೇ ಇಳಿಸಲು ನೋಡುತ್ತಿದ್ದರೆ, ನಡುನಡುವೆ ತಪ್ಪಿದರೂ ಪಾಠ ಮುಂದುವರಿಯಲಿ. ತಪ್ಪು ಕಲಿಕೆಯ ಭಾಗವೇ. ಅದೇ, ಮಗು ಬಾಗಿಲು ಕಂಡು ಅಳುತ್ತಿದ್ದರೆ, ಮೂಲೆಯಲ್ಲಿ ಅಡಗಿ ತಡೆಯುತ್ತಿದ್ದರೆ, ಮನೆಯಲ್ಲಿ ಹೊಸ ಕೂಸು ಹುಟ್ಟಿದ್ದರೆ ಅಥವಾ ಮನೆ ಬದಲಾಗಿದ್ದರೆ, ಕೆಲವು ವಾರಗಳಿಂದ ಎರಡು ಮೂರು ತಿಂಗಳು ಆ ಮಾತೇ ಎತ್ತದಿರುವುದು ಲೇಸು. ಬೇಡವಾದದ್ದು ಇಂದು ಹಿಡಿದು ನಾಳೆ ಬಿಡುವ, ಸಿಟ್ಟು ಬಂದಾಗ ಬೈಯುವ, ನಂಟರೆದುರು ನಾಚಿಸುವ ಕ್ರಮ. ಜ್ವರ, ಉರಿಮೂತ್ರ, ಮಲದಲ್ಲಿ ರಕ್ತ ಕಂಡರೆ ಮಾತ್ರ ಕಾಯದೆ ವೈದ್ಯರಿಗೆ ತೋರಿಸಬೇಕು. ಪಾಠ ನಿಂತ ದಿನಗಳಲ್ಲಿ ಬಟ್ಟೆಯಲ್ಲಾದ ಮಲವನ್ನು ಕಕ್ಕಸಿಗೇ ಸುರಿದು ಸೋಪಿನಿಂದ ಕೈ ತೊಳೆಯಬೇಕು. ಕೂಸಿನದು ಕೊಳಕಲ್ಲ ಎಂಬ ನಮ್ಮ ಹಳೆಯ ನಂಬಿಕೆ ತಪ್ಪು. ರೋಗಾಣು ಅದರಲ್ಲಿಯೂ ಉಂಟು.

ಇನ್ನೊಂದು ತೊಡಕು ವೈದ್ಯರಿಗೆ ಹೊಳೆಯದ್ದು. ನಮ್ಮಂಥವರಿಗೆ ಮಾತ್ರ ಬೇಗ ಹೊಳೆಯುವಂಥದು. ಹುಡುಗ ಮನೆಯಲ್ಲಿ ಕಲಿತ ಶಬ್ದ "ಕಕ್ಕ". ಹಗಲು ನೋಡಿಕೊಳ್ಳುವ ತಮಿಳು ಹೆಂಗಸಿನದು "ಆಯ್". ಪಕ್ಕದ ಕ್ವಾರ್ಟರ್ಸಿನ ಮಲೆಯಾಳಿ ಮಕ್ಕಳದು "ಅಪ್ಪಿ". ಎರಡು ವರ್ಷದ ಕೂಸು ಹೊಟ್ಟೆ ಹಿಡಿದುಕೊಂಡು "ಕಕ್ಕ" ಎಂದಾಗ ಆ ಹೆಂಗಸು ಕಿಟಕಿಯಾಚೆಗೆ ಕೈ ತೋರಿಸಿ ಕಾಗೆಯನ್ನು ಹುಡುಕಿದಳಂತೆ. ತಮಿಳಿನಲ್ಲಿ ಕಾಗೆ "ಕಾಕ್ಕಾ" ತಾನೆ! ನಗು ಬರುತ್ತದೆ, ನಿಜ. ಆದರೆ ಅವಸರದಲ್ಲಿ ಕೇಳಿಕೊಂಡ ಮಗುವಿಗೆ ಉತ್ತರ ಸಿಗಲಿಲ್ಲ, ಚಡ್ಡಿ ಕೆಟ್ಟಿತು, ಬೈಗಳೂ ಬಿತ್ತು. ನಮ್ಮ ಜಿಲ್ಲೆಯಲ್ಲಿಯೂ ಮನೆಯಲ್ಲಿ ಕನ್ನಡವೋ ತುಳುವೋ ಆಡಿ, ಮಲೆಯಾಳ ಮಾತ್ರ ಬಲ್ಲ ಟೀಚರಿರುವ ಅಂಗನವಾಡಿಗೆ ಹೋಗುವ ಮಕ್ಕಳಿದ್ದಾರೆ. ಅಕ್ಷರದ ಭಾಷೆಯ ಬಗ್ಗೆ ನಾವು ಮನವಿ ಬರೆಯುತ್ತೇವೆ, ಬರೆಯಲೇಬೇಕು. ಮಗುವಿನ ಈ ಮೊದಲ ಕೋರಿಕೆಯ ಶಬ್ದವನ್ನು ಟೀಚರಿಗೆ ಹೇಳಿಕೊಡಲು ಮನವಿ ಬೇಡ, ಸೇರಿಸುವ ದಿನ ಎರಡು ನಿಮಿಷ ಸಾಕು.

ಪೋತ್ತನೂರಿನಲ್ಲಿ ಪಾಠ ಏಳು ವಾರ ನಿಂತಿತು. ತಾಯಿ ಕೆಲಸಕ್ಕೆ ಸೇರುವುದನ್ನು ಒಂದು ತಿಂಗಳು ಮುಂದೂಡಿದಳು. ಆ ತಿಂಗಳ ಸಂಬಳ ಹೋಯಿತು, ಅದೇನೂ ಚಿಕ್ಕ ಮಾತಲ್ಲ. ಕಕ್ಕಸಿನ ಬದಲು ಬಚ್ಚಲಿನ ಮೂಲೆಯಲ್ಲಿ ಕಾಲು ನೆಲಕ್ಕೆ ತಾಗುವ ಚಿಕ್ಕ ಪ್ಲಾಸ್ಟಿಕ್ ಪಾಟೊಂದನ್ನು ಇಟ್ಟರು. ಮೊದಮೊದಲು ಅದರಲ್ಲಿ ಕೂತದ್ದು ಹುಡುಗನ ಮರದ ಆನೆ. ನೋವು ನಿಂತ ಬಳಿಕ ಒಂದು ಬೆಳಿಗ್ಗೆ ಆನೆಯನ್ನು ಎತ್ತಿಟ್ಟು ತಾನೇ ಕೂತ.

ಈಗ ತಾಯಿಯ ಹತ್ತಿರ "ಕಕ್ಕ" ಎನ್ನುತ್ತಾನೆ, ಆ ಹೆಂಗಸಿನ ಹತ್ತಿರ "ಆಯ್" ಎನ್ನುತ್ತಾನೆ. ರಾತ್ರಿಯ ರಬ್ಬರ್ ಶೀಟು ಇನ್ನೂ ಹಾಸಿಗೆಯ ಮೇಲಿದೆ. ದೀಪಾವಳಿಗೆ ಊರಿಗೆ ಬರುವಾಗ ರೈಲಿನಲ್ಲಿ ಆ ಪಾಟನ್ನೂ ಹೊತ್ತು ತರುವುದೆಂದು ತೀರ್ಮಾನವಾಗಿದೆ. ಅಳಿಯಂದಿರು ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ತರುವರಂತೆ.