ಕ್ಯಾನ್ವಾಸಿನ ಮೇಲೆ ಹಳ್ಳಿಕಾರ್ ಜೋಡಿ

ಮಾಗಡಿ ಸೀಮೆಯ ಹಳ್ಳಿಯೊಂದರಲ್ಲಿ ನಿವೃತ್ತ ಡ್ರಾಯಿಂಗ್ ಟೀಚರ್ ಒಬ್ಬರಿದ್ದಾರೆ. ಊರವರಿಗೆ ಅವರು ಇವತ್ತಿಗೂ ಬರೀ ‘ಟೀಚರ್’. ಪಡಸಾಲೆಯ ಗೋಡೆಗೆ ಒರಗಿಸಿಟ್ಟ ಅವರ ಕ್ಯಾನ್ವಾಸುಗಳಲ್ಲಿ ದೇವರ ಪಟವಿಲ್ಲ, ಹೂಕುಂಡವಿಲ್ಲ, ಸೂರ್ಯಾಸ್ತವಿಲ್ಲ. ಇರುವುದೆಲ್ಲ ಹಳ್ಳಿಕಾರ್ ತಳಿಯ ಎತ್ತುಗಳೇ. ಒಂಟಿಯಾಗಿ ನಿಂತವು, ಜೋಡಿಯಾಗಿ ಕಟ್ಟಿದವು, ಬರೀ ಮುಖ, ಬರೀ ಕೊಂಬು. ಪ್ರತಿ ಚಿತ್ರದ ಬೆನ್ನಿಗೂ ಪೆನ್ಸಿಲಿನಲ್ಲಿ ಎತ್ತಿನ ಹೆಸರು, ಊರು, ವಯಸ್ಸು ತಿಳಿಸುವ ಹಲ್ಲಿನ ಲೆಕ್ಕ ಬರೆದಿರುತ್ತದೆ. ‘ರಾಮ, ಆರು ಹಲ್ಲು.’ ‘ಕರಿಯ, ಬಾಯಿಗೂಡಿದೆ.’ ನಾನು ನೋಡಲು ಹೋಗಿದ್ದು ಈ ಬೆನ್ನಬರಹವನ್ನೇ ಎನ್ನಬಹುದು. ಹಸುವನ್ನೋ ಎತ್ತನ್ನೋ ಬಿಡಿಸಿದ ಕಲಾವಿದರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಇಂಥದೇ ಎತ್ತು ಎಂದು ಗುರುತು ಹಚ್ಚಿ ಬಿಡಿಸುವವರು ಅಪರೂಪ.

ಮೊದಮೊದಲು ಅವರೂ ‘ಎತ್ತು’ ಎಂದುಕೊಂಡೇ ಬಿಡಿಸುತ್ತಿದ್ದರಂತೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಒಂದು ಜೋಡಿಯ ಚಿತ್ರ ಮುಗಿಸಿ ಯಜಮಾನನಿಗೆ ತೋರಿಸಿದಾಗ ಅವನು ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ ಮಾತು: ‘ಸುಳಿ ಎಲ್ಲಮ್ಮಾ?’ ಮೈಗೂದಲು ಸುತ್ತಿ ಮೂಡುವ ಆ ಪುಟ್ಟ ಚಕ್ರ ಹಣೆಯಲ್ಲಿದೆಯೋ, ಬೆನ್ನಿನಲ್ಲಿದೆಯೋ, ಹಿಣಿಲಿನ ಮುಂದೋ ಹಿಂದೋ ಎಂಬುದರ ಮೇಲೆ ಜಾತ್ರೆಯಲ್ಲಿ ದರ ಏರುತ್ತದೆ, ಇಳಿಯುತ್ತದೆ. ಸುಳಿ ಬಿಟ್ಟುಹೋದ ಚಿತ್ರ ಯಾರ ಎತ್ತಿನದಾದರೂ ಆಗಬಹುದು, ಅವನದಂತೂ ಅಲ್ಲ. ಅಂದಿನಿಂದ ಟೀಚರ್ ಕೊಟ್ಟಿಗೆಗೆ ಹೋದರೆ ಮೊದಲು ಹುಡುಕುವುದು ಸುಳಿಯನ್ನು. ಬಣ್ಣವನ್ನು ಹೆಚ್ಚುಕಡಿಮೆ ಒರೆಸಿ ತೆಗೆದ ಒಣ ಕುಂಚದಿಂದ, ನಡುವಿನ ಚುಕ್ಕೆಯಿಂದ ಹೊರಕ್ಕೆ, ಕೂದಲು ಮಲಗಿದ ದಿಕ್ಕಿನಲ್ಲೇ ಸಣ್ಣ ಸಣ್ಣ ಎಳೆ ಎಳೆಯುತ್ತಾರೆ. ಚಿತ್ರದಲ್ಲಿ ಅದು ಅಂಗುಲದಷ್ಟೂ ಇರುವುದಿಲ್ಲ. ಅದಕ್ಕೆ ಅವರು ತೆಗೆದುಕೊಳ್ಳುವ ಸಮಯ ಇಡೀ ಹಿನ್ನೆಲೆಗೆ ತೆಗೆದುಕೊಳ್ಳುವುದಕ್ಕಿಂತ ಹೆಚ್ಚು.

ಅಕ್ರಿಲಿಕ್ ಬಣ್ಣವನ್ನು ಆರಿಸಿಕೊಂಡದ್ದಕ್ಕೂ ಜಾತ್ರೆಯೇ ಕಾರಣ. ಬೆಳಿಗ್ಗೆ ಕಟ್ಟಿದ ಜೋಡಿ ಮಧ್ಯಾಹ್ನಕ್ಕೆ ಅಲ್ಲಿರುತ್ತದೆ ಎಂಬ ಖಾತ್ರಿಯಿಲ್ಲ. ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿತೆಂದರೆ ಹಗ್ಗ ಕೈ ಬದಲಾಯಿಸುತ್ತದೆ, ಎತ್ತು ಹೊರಟೇ ಹೋಗುತ್ತದೆ. ತೈಲವರ್ಣ ಒಣಗಲು ದಿನಗಟ್ಟಲೆ ಬೇಕು. ಅಕ್ರಿಲಿಕ್ಕಿನಲ್ಲಿ ನೀರು ಆರಿದರೆ ಬಣ್ಣ ಗಟ್ಟಿ. ಬಿಸಿಲಲ್ಲಿ ಕೆಲವೇ ನಿಮಿಷ ಸಾಕು, ಮೇಲೆ ಇನ್ನೊಂದು ಪದರ ಕೊಡಬಹುದು. ಆದರೆ ಈ ಬಣ್ಣಕ್ಕೆ ಒಂದು ಗುಣವಿದೆ. ಹಸಿಯಿದ್ದಾಗ ಅದರೊಳಗಿನ ಅಂಟು ಹಾಲಿನಂತೆ ಮಸುಕಾಗಿರುತ್ತದೆ, ಒಣಗಿದ ಮೇಲೆ ತಿಳಿಯಾಗುತ್ತದೆ. ಹಾಗಾಗಿ ಬಣ್ಣ ಕಂಡದ್ದಕ್ಕಿಂತ ತುಸು ಗಾಢವಾಗಿ ನಿಲ್ಲುತ್ತದೆ. ಹಳ್ಳಿಕಾರಿನ ಬೂದು ಹಿಡಿಯಹೊರಟವರಿಗೆ ಇದು ದೊಡ್ಡ ಪರೀಕ್ಷೆ. ಭುಜ ಮತ್ತು ಹಿಂದೊಡೆಯಲ್ಲಿ ಕಪ್ಪಿನತ್ತ ಜಾರುವ ಬೂದು, ಪಕ್ಕೆಯಲ್ಲಿ ತಿಳಿಯಾಗುತ್ತದೆ. ಮುಖದಲ್ಲಿ, ಗಂಗೆದೊಗಲಿನಲ್ಲಿ, ಹೊಟ್ಟೆಯಡಿಯಲ್ಲಿ ಮಾಸಲು ಬಿಳಿ. ಕಪ್ಪಿಗೆ ಬಿಳಿ ಬೆರೆಸಿದರೆ ಸಿಮೆಂಟಿನ ಬಣ್ಣ ಬರುತ್ತದೆ, ಎತ್ತಿನದು ಬರುವುದಿಲ್ಲ ಎನ್ನುತ್ತಾರೆ ಟೀಚರ್. ಅವರು ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಅಂಬರ್ ಕಂದು ಕೂಡಿಸಿ ಬೂದನ್ನು ಕಟ್ಟುತ್ತಾರೆ. ನೀಲಿ ಹೆಚ್ಚಾದರೆ ನೆರಳು, ಕಂದು ಹೆಚ್ಚಾದರೆ ಬಿಸಿಲು.

ಕೊಂಬನ್ನು ಅವರು ಒಂದೇ ಉಸಿರಿನಲ್ಲಿ ಎಳೆಯುತ್ತಾರೆ. ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟಿ, ಅರ್ಧದವರೆಗೆ ನೇರ ಹಿಂದಕ್ಕೆ ಹೋಗಿ, ಆಮೇಲೆ ಮೆಲ್ಲಗೆ ಮುಂದಕ್ಕೆ ಬಾಗಿ ಚೂಪಾಗುವ ಆ ಕೊಂಬು ಈ ತಳಿಯ ಸಹಿ.

ದನವನ್ನು ಚಿತ್ರಿಸುವ ಚಟ ಈ ನೆಲಕ್ಕೆ ಹೊಸದಲ್ಲ. ಬಳ್ಳಾರಿ ಹತ್ತಿರದ ಕುಪ್ಪಗಲ್ಲು ಗುಡ್ಡದ ಕಪ್ಪು ಬಂಡೆಗಳನ್ನು ಕುಟ್ಟಿ ಕುಟ್ಟಿ ನವಶಿಲಾಯುಗದ ಜನ ಬಿಡಿಸಿದ್ದರಲ್ಲಿ ಹಿಣಿಲಿನ, ಉದ್ದ ಕೊಂಬಿನ ದನಗಳೇ ಹೆಚ್ಚು. 1892ರಲ್ಲೇ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ ಅವುಗಳ ಬಗ್ಗೆ ಬರೆದಿದ್ದರು. ಆಮೇಲೆ ಮೈಸೂರು ಅರಸರ ಕಾಲ. ಚಿಕ್ಕದೇವರಾಜ ಒಡೆಯರ ದನಗಳ ಇಲಾಖೆ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಹೊತ್ತಿಗೆ ‘ಅಮೃತ ಮಹಲ್’ ಆಯಿತು. ಫಿರಂಗಿ ಎಳೆಯುತ್ತಿದ್ದ ಆ ದಂಡಿನ ಎತ್ತುಗಳ ಮೂಲದಲ್ಲಿ ಹಳ್ಳಿಕಾರಿನ ರಕ್ತವೇ ಇದೆ. ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಈಗಲೂ ಇದೆ. 2000ದಲ್ಲಿ ಅಂಚೆ ಇಲಾಖೆ ದೇಸಿ ತಳಿಗಳ ನಾಲ್ಕು ಅಂಚೆಚೀಟಿ ತಂದಾಗ ಗೀರ್, ಕಾಂಗೇಯಂ, ಕಾಂಕ್ರೇಜ್ ಜೊತೆಗೆ ಹಳ್ಳಿಕಾರಿಗೂ ಜಾಗ ಸಿಕ್ಕಿತು. ಆ ಚೀಟಿಯೊಂದನ್ನು ಟೀಚರ್ ತಮ್ಮ ಬಣ್ಣದ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಕೊಂಡಿದ್ದಾರೆ.

ಕೊಳ್ಳುವವರು ಕಡಿಮೆ. ಬಂದವರು ಕೃಷ್ಣ ಕೊಳಲೂದುವ ಹಸು ಕೇಳುತ್ತಾರೆ, ಇಲ್ಲವೇ ಸೋಫಾದ ಬಣ್ಣಕ್ಕೆ ಹೊಂದುವ ಎತ್ತು ಕೇಳುತ್ತಾರೆ. ಬೂದು ಎತ್ತನ್ನು ಕೆಂಪು ಮಾಡಿಕೊಡಿ ಎಂದವರೂ ಇದ್ದಾರೆ, ಟೀಚರ್ ಮಾಡಿಕೊಡಲಿಲ್ಲ. ಮಾಡಿಕೊಡದೆ ಇದ್ದದ್ದು ಒಳ್ಳೆಯದಾಯಿತೆಂದೇ ನನಗನ್ನಿಸುತ್ತದೆ. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಕೊಟ್ಟಿಗೆಗಳು ಬರಿದಾಗುತ್ತಿವೆ. ಜೋಡಿ ಸಾಕುವುದು ಈಗ ಹೆಚ್ಚಿನಂಶ ಅಕ್ಕರೆಯ, ಅಭಿಮಾನದ ಮಾತು. ಅದನ್ನು ಭರಿಸಬಲ್ಲ ರೈತರು ಎಷ್ಟು ಮಂದಿ? ಟೀಚರ್ ಬಿಡಿಸಿದ ಹಲವು ಎತ್ತುಗಳು ಈಗಿಲ್ಲ. ಯಜಮಾನರ ಮಕ್ಕಳು ಮೊಬೈಲಿನಲ್ಲಿ ಆ ಚಿತ್ರದ ಫೋಟೊ ತೆಗೆದುಕೊಂಡು ಹೋಗುತ್ತಾರೆ. ತಂದೆಗೆ ತೋರಿಸಿದರೆ ಸುಳಿ ನೋಡಿಯೇ ಹೆಸರು ಹೇಳುತ್ತಾರಂತೆ. ತಳಿಯ ದಾಖಲೆ ಎಂದರೆ ವೀರ್ಯದ ಕಡ್ಡಿ, ಅಂಕಿಅಂಶದ ತಖ್ತೆ ಮಾತ್ರ ಎಂದುಕೊಂಡವರು ಈ ಪಡಸಾಲೆಗೆ ಒಮ್ಮೆ ಬರಬೇಕು.

ಚಳಿಗಾಲದಲ್ಲಿ ಘಾಟಿ ಜಾತ್ರೆ ನಡೆಯುತ್ತದೆ, ಶಿವರಾತ್ರಿಯ ಆಸುಪಾಸು ತುಮಕೂರಿನ ಸಿದ್ಧಗಂಗೆಯಲ್ಲಿ ದನ ಸೇರುತ್ತವೆ. ಲಲಿತಕಲಾ ಅಕಾಡೆಮಿ ಮತ್ತು ಪಶುಸಂಗೋಪನಾ ಇಲಾಖೆ ಕೂಡಿ ಆ ಬಯಲುಗಳಲ್ಲೇ ಒಂದು ಚಿತ್ರ ಶಿಬಿರ ನಡೆಸಬಹುದು. ಹಳ್ಳಿಕಾರ್ ಮಾತ್ರವಲ್ಲ, ಕೃಷ್ಣಾ ಕಣಿವೆ, ದೇವಣಿ, ಖಿಲಾರಿ, ಮಲೆನಾಡು ಗಿಡ್ಡಗಳನ್ನೂ ಅವುಗಳ ಊರುಗಳಲ್ಲಿ, ಅವುಗಳ ಹೆಸರಿನೊಂದಿಗೆ ಬಿಡಿಸಿಡಬಹುದು. ಅದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಇನ್ನು ಓದುಗರಿಗೆ ಒಂದು ಮನವಿ: ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಹೋದಾಗ ಎತ್ತಿನ ಚಿತ್ರವೊಂದು ಹಿಡಿಸಿದರೆ, ಬೆಲೆ ಕೇಳುವ ಮೊದಲು ಆ ಎತ್ತಿನ ಹೆಸರೇನು, ಯಾವ ಊರಿನದು ಎಂದು ಕೇಳಿ.